ಡೊಮೇನ್ ಹೆಸರು ಅನ್ಯರ ಸ್ವಾಧೀನದಲ್ಲಿದ್ದಾಗ

ಗುಪ್ತರ ಎರಡನೆಯ ಚಂದ್ರಗುಪ್ತನು ವಿಕ್ರಮಾದಿತ್ಯನೆಂಬ ಬಿರುದನ್ನು ಧರಿಸಿದನು. ಬಾದಾಮಿ ಮತ್ತು ಕಲ್ಯಾಣದ ಚಾಲುಕ್ಯರಲ್ಲಿಯೂ ಆ ಹೆಸರಿನ ಅರಸರು ಹಲವರು. ಒಬ್ಬನ ಹೆಸರಿನಿಂದ ಮತ್ತೊಬ್ಬನಿಗೆ ಬಾಧಕವಾಗಲಿಲ್ಲ. ಅಂತರಜಾಲದ ವಿಳಾಸವಾದ ಡೊಮೇನ್ ಹೆಸರಿನ ರೀತಿಯೇ ಬೇರೆ. ಒಂದು ವಿಳಾಸಕ್ಕೆ ಜಗತ್ತಿನಲ್ಲೆಲ್ಲ ಒಬ್ಬನೇ ಒಡೆಯ, ಅವನೂ ಮೊದಲು ನೋಂದಾಯಿಸಿದವನು. ತಡವಾಗಿ ಬಂದವನಿಗೆ ಕಾನೂನಿನಲ್ಲಿ ದಾರಿಯುಂಟೆ?

ಈ ಪ್ರಶ್ನೆಯು ಬೆಂಗಳೂರಿನ ಒಂದು ವ್ಯಾಜ್ಯದ ಮೂಲಕ ಸುಪ್ರೀಂ ಕೋರ್ಟನ್ನು ಮುಟ್ಟಿತು. ಸತ್ಯಂ ಇನ್ಫೋವೇ ಸಂಸ್ಥೆಯು ತನ್ನ ಹೆಸರಿನಿಂದ ‘ಸಿಫಿ’ ಎಂಬ ಶಬ್ದವನ್ನು ಕಟ್ಟಿಕೊಂಡು, 1999ರಲ್ಲಿ ಅದನ್ನೊಳಗೊಂಡ ಡೊಮೇನ್‌ಗಳನ್ನು ನೋಂದಾಯಿಸಿತ್ತು. ಆಮೇಲೆ ಮತ್ತೊಂದು ಸಂಸ್ಥೆಯು, ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚಿಸಿ, ‘ಸಿಫಿನೆಟ್’ ಎಂಬ ವಿಳಾಸವನ್ನು ಹಿಡಿಯಿತು. ಇದು ತನ್ನ ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದಾದ ಶಬ್ದವೆಂಬುದು ಅದರ ಸಮಾಧಾನ. ಸಿಟಿ ಸಿವಿಲ್ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆಯನ್ನು ಕೊಟ್ಟಿತು. ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಮೊದಲಿನ ಆಜ್ಞೆಯನ್ನೇ ಎತ್ತಿಹಿಡಿಯಿತು. ಡೊಮೇನ್ ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಆದುದರಿಂದ ಪರರ ಹೆಸರಿನಲ್ಲಿ ತನ್ನ ಸರಕನ್ನು ಸಾಗಿಸುವ ‘ಪಾಸಿಂಗ್ ಆಫ್’ ಎಂಬ ಅಪಕೃತ್ಯದ ನಿಯಮ ಇದಕ್ಕೂ ಅನ್ವಯಿಸತಕ್ಕದ್ದು ಎಂಬುದೇ ಆ ತೀರ್ಪಿನ ತಿರುಳು. ಡೊಮೇನ್ ವ್ಯಾಜ್ಯಗಳಿಗೆಂದೇ ಪ್ರತ್ಯೇಕ ಶಾಸನವಿಲ್ಲದ ನಮ್ಮ ದೇಶದಲ್ಲಿ ಈ ತೀರ್ಪಿನ ಬೆಲೆ ದೊಡ್ಡದು.

ನ್ಯಾಯಾಲಯವಲ್ಲದೆ ಪಂಚಾಯಿತಿಯ ಮಾರ್ಗವೂ ಉಂಟು. ‘ಡಾಟ್ ಕಾಮ್’ ಮೊದಲಾದವುಗಳಿಗೆ ಐಕ್ಯಾನ್ ಸಂಸ್ಥೆಯು 1999ರಲ್ಲಿ ನಿಯಮಗಳನ್ನು ಮಾಡಿತು. ‘ಡಾಟ್ ಇನ್’ಗೆ ಭಾರತದ ನಿಯಮಗಳೇ ಇವೆ. ಐಕ್ಯಾನ್ ನಿಯಮದಂತೆ ದೂರುದಾರನು ಮೂರನ್ನು ಸಾಧಿಸಬೇಕು: ಡೊಮೇನು ತನ್ನ ವ್ಯಾಪಾರಚಿಹ್ನೆಯನ್ನು ಭ್ರಮೆ ಹುಟ್ಟಿಸುವಷ್ಟು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿಯಿಲ್ಲ, ದುರುದ್ದೇಶದಿಂದಲೇ ಅದನ್ನು ನೋಂದಾಯಿಸಿ ಬಳಸುತ್ತಿದ್ದಾನೆ. ಗೆದ್ದರೆ ಡೊಮೇನಿನ ವರ್ಗಾವಣೆ ಇಲ್ಲವೆ ರದ್ದತಿ, ನಷ್ಟಪರಿಹಾರವಿಲ್ಲ.

ಪ್ರಸಿದ್ಧಿಯೊಂದೇ ಇಲ್ಲಿ ಸಾಲದು. ‘ಸ್ಟಿಂಗ್’ ಎಂದು ಖ್ಯಾತನಾದ ಬ್ರಿಟಿಷ್ ಗಾಯಕನು 2000ದಲ್ಲಿ ಆ ಹೆಸರಿನ ಡೊಮೇನಿಗಾಗಿ ದೂರಿತ್ತು ಸೋತನು. ಅದು ಇಂಗ್ಲಿಷಿನ ಸಾಮಾನ್ಯ ಶಬ್ದ, ಎದುರಾಳಿಯ ದುರುದ್ದೇಶವೂ ಸಿದ್ಧವಾಗಲಿಲ್ಲ. ಈ ನಿರ್ಣಯ ಸರಿಯೆಂದೇ ನನ್ನ ಮತ. ನಿಘಂಟಿನ ಶಬ್ದಗಳು ಕೀರ್ತಿವಂತರಿಗೆ ಮೀಸಲಾದರೆ ಸಾಮಾನ್ಯನಿಗೆ ಉಳಿಯುವುದೇನು? ಅಂಥ ಹೆಸರೇ ಬೇಕೆಂಬವನು ಒಡೆಯನಿಂದ ಕ್ರಯಕ್ಕೆ ಪಡೆಯಬೇಕು, ಇಲ್ಲವೆ ಅವನು ನವೀಕರಿಸದೆ ಬಿಡುವ ದಿನವನ್ನು ಕಾಯಬೇಕು. ಹಕ್ಕಿಲ್ಲದೆ ದೂರಿನಿಂದ ಬೆದರಿಸಿ ಕಸಿಯಹೊರಟರೆ, ದೂರುದಾರನದೇ ದುರುದ್ದೇಶವೆಂದು ಪಂಚರು ಬರೆದಿಡುವುದೂ ಉಂಟು.