ಕೆಲಸ ಹೋದರೂ ಕಾಯಕ ಉಳಿಯಲಿ: ಮಹಾಮಾರಿಯ ಕಾಲ ಕಲಿಸಿದ ಮನೆಯ ದುಡಿಮೆ

ದುಡಿಮೆಯೆಂಬುದು ಮನುಷ್ಯನಿಗೆ ಅನ್ನವನ್ನು ಕೊಡುವುದರ ಜೊತೆಗೆ ಮನೆಯಲ್ಲಿ ಸ್ಥಾನವನ್ನೂ, ನೆರೆಹೊರೆಯಲ್ಲಿ ಗೌರವವನ್ನೂ, ತನ್ನ ಮನಸ್ಸಿನಲ್ಲಿ ನೆಮ್ಮದಿಯನ್ನೂ ಕೊಡುತ್ತದೆ. ಆದುದರಿಂದಲೇ ಕೆಲಸ ಕಳೆದುಕೊಂಡವರಿಗೆ ಸಂಬಳದ ನಷ್ಟಕ್ಕಿಂತಲೂ ಹೆಚ್ಚಿನದೇನೋ ಕೈಬಿಟ್ಟು ಹೋದಂತಾಗುತ್ತದೆ. ಕೋವಿಡ್ ಮಹಾಮಾರಿಯ ಎರಡು ವರ್ಷಗಳಲ್ಲಿ ನಮ್ಮ ನಾಡಿನ ಅಸಂಖ್ಯಾತ ಕುಟುಂಬಗಳು ಈ ಸಂಕಟವನ್ನು ಕಂಡವು. ಕೆಲವರು ಹಳೆಯ ಕೆಲಸಕ್ಕೆ ಮರಳಿದರು. ಕೆಲವರು ಮರಳಲೇ ಇಲ್ಲ. ಮರಳದವರಲ್ಲಿ ಅನೇಕರು ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಒಂದಿಷ್ಟು ಗಳಿಸುವ ದಾರಿಯನ್ನು ಹುಡುಕಿಕೊಂಡರು. ಆ ದಾರಿಯಲ್ಲಿ ಯಾವುದು ಗಟ್ಟಿ ನೆಲ, ಯಾವುದು ಕೆಸರು ಎಂಬುದನ್ನು ಸದ್ಭಕ್ತರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ನೌಕರಿ ಇಂದು ಹೋಗುವ ಭಯ ಮಹಾಮಾರಿಯೊಂದಿಗೆ ಮುಗಿದಿಲ್ಲವಾದ್ದರಿಂದ ಈ ಮಾತು ಹಳತಾಗಿಲ್ಲ.

ಹಳೆಯ ಬಡಾವಣೆಗಳಿಗೆ ಬಿದ್ದ ಪೆಟ್ಟು

ಬಸವನಗುಡಿ ಮತ್ತು ಮಲ್ಲೇಶ್ವರಗಳಿಗೆ ಸಾಂಕ್ರಾಮಿಕ ರೋಗದ ನೆನಪು ಹೊಸದಲ್ಲ. 1898ರಲ್ಲಿ ಬೆಂಗಳೂರನ್ನು ಪ್ಲೇಗ್ ಮಾರಿ ಹೊಕ್ಕಾಗ ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನ ಹೊರಬಂದರು. ಗಾಳಿ, ಬೆಳಕು ಧಾರಾಳವಾಗಿರುವ ಅಗಲ ರಸ್ತೆಗಳ ಈ ಬಡಾವಣೆಗಳು ಆ ಬಳಿಕ ತುಂಬಿ ಬೆಳೆದವು. ಅದಕ್ಕೆ ತುಸು ಮೊದಲೇ ರೂಪುಗೊಂಡಿದ್ದ ಚಾಮರಾಜಪೇಟೆಯೂ ಇವುಗಳ ಒಡಹುಟ್ಟು. ನೂರಿಪ್ಪತ್ತೆರಡು ವರ್ಷಗಳ ಅನಂತರ ಇನ್ನೊಂದು ಮಾರಿ ಬಂದಾಗ ಅದೇ ಅಗಲ ರಸ್ತೆಗಳು ನಿರ್ಜನವಾದವು.

2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಆರಂಭವಾಯಿತು. 2021ರ ಏಪ್ರಿಲ್ ಕೊನೆಯಲ್ಲಿ ಎರಡನೆಯ ಅಲೆಯ ಕಾರಣ ಕರ್ನಾಟಕದಲ್ಲಿ ಮತ್ತೆ ಬೀಗ ಬಿದ್ದಿತು. ಈ ಬಡಾವಣೆಗಳ ಜೀವನ ಬಹುಮಟ್ಟಿಗೆ ಜನರು ಕೂಡುವುದರ ಮೇಲೆ ನಿಂತಿದೆ. ಕಲ್ಯಾಣಮಂಟಪವೊಂದು ಮುಚ್ಚಿದರೆ ಅಡುಗೆಯವರು, ಬಡಿಸುವವರು, ನಾದಸ್ವರದವರು, ಹೂವಿನ ಅಲಂಕಾರದವರು, ಛಾಯಾಗ್ರಾಹಕರು, ಲಗ್ನಪತ್ರಿಕೆ ಮುದ್ರಿಸುವವರು ಎಲ್ಲರೂ ಒಟ್ಟಿಗೆ ಕೆಲಸವಿಲ್ಲದವರಾಗುತ್ತಾರೆ. 2020ರ ಮೇ ತಿಂಗಳಲ್ಲಿ ಮದುವೆಗೆ 50 ಮಂದಿಯ ಮಿತಿ ವಿಧಿಸಿದಾಗ ಆದದ್ದು ಅದೇ. ಗಾಂಧಿ ಬಜಾರಿನ ಹೂವಿನವರು, ಮಲ್ಲೇಶ್ವರದ ಪಾದಚಾರಿ ಮಾರ್ಗದ ವ್ಯಾಪಾರಿಗಳು, ಖಾಸಗಿ ಶಾಲೆಯ ಶಿಕ್ಷಕಿಯರು, ಸಂಗೀತ ನೃತ್ಯ ಹೇಳಿಕೊಡುತ್ತಿದ್ದವರು, ಸಣ್ಣ ಕಚೇರಿಗಳ ಲೆಕ್ಕಿಗರು ಯಾರೂ ಇದರಿಂದ ಹೊರತಾಗಲಿಲ್ಲ.

ದೇಶದ ಮಟ್ಟದ ಅಂಕಿಗಳು ಇದನ್ನೇ ಹೇಳುತ್ತವೆ. ಸಿಎಂಐಇ ಸಂಸ್ಥೆಯ ಅಂದಾಜಿನಂತೆ 2020ರ ಏಪ್ರಿಲ್‌ನಲ್ಲಿ ನಿರುದ್ಯೋಗದ ಪ್ರಮಾಣ ಸುಮಾರು ಶೇ 23.5ಕ್ಕೆ ಏರಿತ್ತು, ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳ ಸಂಬಳದ ನೌಕರಿ ಕಳೆದುಕೊಂಡವರು ಸುಮಾರು 1.89 ಕೋಟಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿಯು, ಮಹಾಮಾರಿಯ ಮೊದಲ ವರ್ಷದಲ್ಲಿ ಸುಮಾರು 23 ಕೋಟಿ ಜನರ ಆದಾಯ ಕನಿಷ್ಠ ಕೂಲಿಯ ಮಟ್ಟಕ್ಕಿಂತ ಕೆಳಗಿಳಿಯಿತೆಂದು ಅಂದಾಜು ಮಾಡಿತು. ರಾಜ್ಯ ಸರ್ಕಾರವು 2020ರ ಮೇ 6ರಂದು ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪರಿಹಾರದಲ್ಲಿ ಮಡಿವಾಳರಿಗೆ, ಕ್ಷೌರಿಕರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ನೀಡಲು ನಿರ್ಧರಿಸಿತು. ಹನ್ನೆರಡನೆಯ ಶತಮಾನದಲ್ಲಿ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದ ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ ಮೊದಲಾದ ಶರಣರನ್ನು ನೆನೆಯುವ ನಮಗೆ, ಇಂದಿಗೂ ಮೊದಲು ನೆಲಕ್ಕುರುಳುವವರು ಕೈದುಡಿಮೆಯವರೇ ಎಂಬುದು ಚಿಂತಿಸಬೇಕಾದ ಸಂಗತಿ.

ಗಳಿಕೆಗೆ ಮೊದಲು ಮನೆಯ ಲೆಕ್ಕ

ಕೆಲಸ ಹೋದ ಕೂಡಲೇ ಅಂತರ್ಜಾಲದಲ್ಲಿ ಗಳಿಕೆ ಹುಡುಕಲು ಹೊರಡುವುದು ಸಹಜ. ಆದರೆ ಮೊದಲ ಕೆಲಸ ಮನೆಯವರೊಡನೆ ಕುಳಿತು ಲೆಕ್ಕ ಬರೆಯುವುದು. ಕೆಲಸ ಹೋದದ್ದನ್ನು ಮನೆಯವರಿಂದ ಮುಚ್ಚಿಟ್ಟು, ಎಂದಿನಂತೆ ಬೆಳಿಗ್ಗೆ ಹೊರಟು ಸಂಜೆ ಮರಳುವವರಿದ್ದಾರೆ. ಹೀಗೆ ಮುಚ್ಚಿಟ್ಟ ಪ್ರತಿಯೊಂದು ತಿಂಗಳೂ ಸಾಲವಾಗಿ ತಿರುಗಿ ಬರುತ್ತದೆ. ಬಾಡಿಗೆ, ದಿನಸಿ, ಔಷಧ, ಮಕ್ಕಳ ಶುಲ್ಕ, ಸಾಲದ ಕಂತು ಇವುಗಳನ್ನು ಬರೆದು, ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕೆಂದು ತಿಳಿದುಕೊಂಡರೆ ಆತಂಕಕ್ಕೆ ಒಂದು ಗಡಿ ಬರುತ್ತದೆ.

ಅನಂತರ ತಮಗೆ ಸಲ್ಲಬೇಕಾದುದನ್ನು ಪಡೆಯಬೇಕು. ಬಾಕಿ ಸಂಬಳ, ಐದು ವರ್ಷ ನಿರಂತರ ಸೇವೆ ಸಲ್ಲಿಸಿದ್ದರೆ ಗ್ರಾಚ್ಯುಯಿಟಿ, ಸೇವಾ ಪ್ರಮಾಣಪತ್ರ ಇವುಗಳನ್ನು ಲಿಖಿತವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಇಎಸ್‌ಐ ವ್ಯಾಪ್ತಿಯಲ್ಲಿದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯುಂಟು. ಮಹಾಮಾರಿಯ ಕಾಲದಲ್ಲಿ ಅದರ ನೆರವನ್ನು ಸರಾಸರಿ ದಿನಗೂಲಿಯ ಶೇ 25ರಿಂದ ಶೇ 50ಕ್ಕೆ ಏರಿಸಿ, 90 ದಿನಗಳವರೆಗೆ ನೀಡಲಾಯಿತು. ಭವಿಷ್ಯನಿಧಿಯನ್ನು ಪೂರ್ತಿ ಹಿಂಪಡೆಯುವ ಮುನ್ನ ಮಾತ್ರ ಯೋಚಿಸಬೇಕು: ನೌಕರರ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕಾಗುವುದರಿಂದ, ಎಂಟು ಒಂಬತ್ತು ವರ್ಷ ದುಡಿದವರು ಪಿಂಚಣಿಯ ಭಾಗವನ್ನೂ ತೆಗೆದುಬಿಟ್ಟರೆ ಆ ಸೇವೆಯ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಕಂಪನಿಯು ಮಾಡಿಸಿದ್ದ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ನಿಲ್ಲುತ್ತದೆ; ಅದನ್ನು ಸ್ವಂತ ಪಾಲಿಸಿಯಾಗಿ ಮುಂದುವರಿಸಬಹುದೇ ಎಂದು ಬಿಡುವ ಮೊದಲೇ ವಿಚಾರಿಸಬೇಕು.

ಸಾಲದ ಕಂತು ತಪ್ಪುವಂತಿದ್ದರೆ ಬ್ಯಾಂಕಿಗೆ ತಾವೇ ಹೋಗಿ ತಿಳಿಸುವುದು ಲೇಸು. ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆಗೆ ಮಾತ್ರ ಕೈಚಾಚಬಾರದು. ಅನಧಿಕೃತ ಡಿಜಿಟಲ್ ಸಾಲದವರ ಬಗ್ಗೆ ರಿಸರ್ವ್ ಬ್ಯಾಂಕ್ 2020ರ ಡಿಸೆಂಬರ್‌ನಲ್ಲಿಯೇ ಎಚ್ಚರಿಸಿದೆ. ಫೋನಿನಲ್ಲಿರುವ ಬಂಧುಮಿತ್ರರ ಸಂಖ್ಯೆಗಳನ್ನು ಕದ್ದು ಅವರ ಮುಂದೆ ಮಾನ ಕಳೆಯುವುದೇ ಇಂಥವರ ವಸೂಲಿಯ ವಿಧಾನ.

ಮನೆಯಿಂದ ಯಾವ ದುಡಿಮೆ ಸಾಧ್ಯ?

ಅಂತರ್ಜಾಲವು ಸ್ವತಃ ಹಣ ಕೊಡುವುದಿಲ್ಲ. ನಮ್ಮಲ್ಲಿರುವ ವಿದ್ಯೆಯನ್ನೋ ಕೈಕಸುಬನ್ನೋ ದೂರದ ಗಿರಾಕಿಗೆ ತಲುಪಿಸುವ ರಸ್ತೆ ಅದು. ಆದುದರಿಂದ ಇದ್ದ ವಿದ್ಯೆಯಿಂದಲೇ ಹೊರಡುವುದು ಕ್ಷೇಮ.

ಮೊದಲನೆಯದು ಕಲಿಸುವ ಕೆಲಸ. ಶಾಲಾ ಪಾಠಗಳಲ್ಲದೆ ಕರ್ನಾಟಕ ಸಂಗೀತ, ವಚನ ಗಾಯನ, ವೀಣೆ, ಯೋಗ, ಚಿತ್ರಕಲೆ ಇವೆಲ್ಲ ಮಹಾಮಾರಿಯ ಕಾಲದಲ್ಲಿ ಝೂಮ್, ಗೂಗಲ್ ಮೀಟ್‌ಗಳ ಮೂಲಕ ನಡೆದವು. ವಿದೇಶದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಕನ್ನಡ ಓದುಬರಹ ಕಲಿಸುವುದು ನಿವೃತ್ತ ಶಿಕ್ಷಕರಿಗೂ ಕೆಲಸ ಬಿಟ್ಟ ಶಿಕ್ಷಕಿಯರಿಗೂ ಒಪ್ಪುವ ದುಡಿಮೆ. ಇಲ್ಲಿ ಸಮಯದ ಲೆಕ್ಕ ಮುಖ್ಯ. ನ್ಯೂಜೆರ್ಸಿಯಲ್ಲಿ ಸಂಜೆ 7 ಗಂಟೆಯಾದಾಗ ನಮ್ಮಲ್ಲಿ ಮರುದಿನ ಬೆಳಗಿನ 5.30, ಅವರ ಬೇಸಿಗೆಯಲ್ಲಿ 4.30. ಅವರ ಶನಿವಾರ, ಭಾನುವಾರಗಳ ಬೆಳಿಗ್ಗೆ 9 ಗಂಟೆಯ ತರಗತಿ ನಮಗೆ ಸಂಜೆ 7.30 ಅಥವಾ 6.30ಕ್ಕೆ ಬರುವುದರಿಂದ ಅದೇ ಅನುಕೂಲ. ಒಂದು ಉಚಿತ ಪಾಠ, ಅನಂತರ ತಿಂಗಳ ಶುಲ್ಕ ಮುಂಗಡ ಎಂಬ ಕ್ರಮವನ್ನು ಮೊದಲೇ ತಿಳಿಸಿದರೆ ಮುಂದೆ ಮನಸ್ತಾಪ ಬರುವುದಿಲ್ಲ.

ಎರಡನೆಯದು ಭಾಷೆಯ ಕೆಲಸ. ಕನ್ನಡ ಬೆರಳಚ್ಚು, ಕರಡು ತಿದ್ದುವಿಕೆ, ಅನುವಾದ, ಚಲನಚಿತ್ರಗಳ ಅಡಿಬರಹ, ಧ್ವನಿಪುಸ್ತಕಗಳ ಓದು ಇವುಗಳಿಗೆ ಬೇಡಿಕೆಯುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ನೆಲೆಯಾದ ಚಾಮರಾಜಪೇಟೆಯಲ್ಲಿ ಹಾಗೂ ಸುತ್ತಮುತ್ತ ಅಚ್ಚುಮನೆಯ ಅನುಭವವುಳ್ಳವರಿಗೆ ಈ ವಿದ್ಯೆ ಕರಗತ. ಅವರು ಕಲಿಯಬೇಕಾದ ಹೊಸದು ಒಂದೇ: ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಿಂದ ಯೂನಿಕೋಡ್‌ಗೆ ಬರುವುದು. ಹಳೆಯ ವಿನ್ಯಾಸದ ಕಡತ ಬೇರೆಯವರ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ದೂರದ ಗಿರಾಕಿ ಅದನ್ನು ಒಪ್ಪಲಾರ. ಕೀಲಿಗಳ ಜೋಡಣೆ ಬದಲಾಗದ ಕಾರಣ ಅಭ್ಯಾಸವುಳ್ಳವರಿಗೆ ಈ ದಾಟುವಿಕೆ ಕಷ್ಟವಲ್ಲ. ಯಂತ್ರಾನುವಾದ ಈಗ ಎಲ್ಲರ ಕೈಗೂ ಸಿಕ್ಕಿದೆ. ಆದುದರಿಂದ ಬರೀ ಬೆರಳಚ್ಚಿನ ಬೆಲೆ ಇಳಿದು, ತಪ್ಪನ್ನು ಗುರುತಿಸಿ ತಿದ್ದಬಲ್ಲವರ ಬೆಲೆ ಉಳಿದಿದೆ.

ಮೂರನೆಯದು ಮನೆಯ ತಿನಿಸು. ಕಾಂಡಿಮೆಂಟ್ಸ್ ಅಂಗಡಿಗಳ ಊರಾದ ಬಸವನಗುಡಿಯಲ್ಲಿ ಚಟ್ನಿಪುಡಿ, ಹಪ್ಪಳ, ಸಂಡಿಗೆ, ಹುರಿಗಾಳು, ಹೋಳಿಗೆಗಳ ರುಚಿ ಬಲ್ಲವರಿಗೆ ಕೊರತೆಯಿಲ್ಲ. ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಬಳಗಗಳ ಮೂಲಕ ಅನೇಕ ತಾಯಂದಿರು ಇದನ್ನು ಮಾರಿದರು. ಮಾರಾಟಕ್ಕೆ ತಯಾರಿಸುವ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಮಹಾಮಾರಿಯ ವರ್ಷಗಳಲ್ಲಿ 12 ಲಕ್ಷ ರೂಪಾಯಿಗಳೊಳಗಿನ ವಾರ್ಷಿಕ ವಹಿವಾಟಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರವಿತ್ತು. ಪೊಟ್ಟಣದ ಮೇಲೆ ತಯಾರಿಸಿದ ದಿನ, ಬಳಸಿದ ಪದಾರ್ಥ, ತೂಕ ಬರೆಯಬೇಕು. ಶೇಂಗಾ, ಗೋಡಂಬಿ ಕೆಲವರ ಮೈಗೆ ಒಗ್ಗುವುದಿಲ್ಲವಾದ್ದರಿಂದ ಅವುಗಳ ಹೆಸರನ್ನು ಬಿಡಲೇಬಾರದು.

ಬೆಲೆ ಕಟ್ಟುವ ವಿವೇಕ

ಮನೆಯ ದುಡಿಮೆಯಲ್ಲಿ ಬಹುಮಂದಿ ಸೋಲುವುದು ಬೆಲೆ ಕಟ್ಟುವಲ್ಲಿ. ತಮ್ಮ ಹೊತ್ತಿಗೆ ಬೆಲೆಯಿಲ್ಲವೆಂದು ಭಾವಿಸುವುದೇ ಇದಕ್ಕೆ ಕಾರಣ. ಉದಾಹರಣೆಗೆ ಒಂದು ಲೆಕ್ಕ ನೋಡೋಣ. ನಾಲ್ಕು ಕಿಲೋ ಚಟ್ನಿಪುಡಿಗೆ ಸಾಮಗ್ರಿ 1,040 ರೂಪಾಯಿ, ಅನಿಲ ಮತ್ತು ವಿದ್ಯುತ್ 100, ಪೊಟ್ಟಣ 100, ರುಚಿ ನೋಡಲು ಕೊಟ್ಟದ್ದು ಮತ್ತು ಹಾಳಾದದ್ದು 60 ಎಂದಿಟ್ಟುಕೊಂಡರೆ ಒಟ್ಟು 1,300. ಕಿಲೋ ಒಂದಕ್ಕೆ 350ರಂತೆ ಮಾರಿದರೆ ಕೈಗೆ ಬರುವುದು 1,400. ಐದು ಗಂಟೆ ಒಲೆಯ ಮುಂದೆ ನಿಂತದ್ದಕ್ಕೆ ಉಳಿದದ್ದು 100. ಎಂದರೆ ಗಂಟೆಗೆ 20 ರೂಪಾಯಿ. ಗಂಟೆಗೆ 100 ರೂಪಾಯಿಯ ಕೂಲಿಯನ್ನಾದರೂ ಸೇರಿಸಿದರೆ ಒಟ್ಟು 1,800 ಆಗಿ, ಕಿಲೋಗೆ 450 ಎಂಬುದು ನ್ಯಾಯವಾದ ಬೆಲೆಯಾಗುತ್ತದೆ. ಮನೆಗೆ ಮುಟ್ಟಿಸುವ ವೆಚ್ಚ ಬೇರೆ. ಪಾಠ ಹೇಳುವವರೂ ಅನುವಾದಕರೂ ಇದೇ ರೀತಿ ಸಿದ್ಧತೆಯ ಹೊತ್ತನ್ನು ಲೆಕ್ಕಕ್ಕೆ ಸೇರಿಸಬೇಕು.

ಗಳಿಕೆ ಬರುವಾಗ ಅದಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯೂ ಪ್ರತಿದಿನದ ಜಮಾಖರ್ಚಿನ ಪುಸ್ತಕವೂ ಇರಲಿ. 2020ರ ಜುಲೈ 1ರಿಂದ ಆರಂಭವಾದ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಅದನ್ನು ಮಾಡಿಕೊಡುತ್ತೇವೆಂದು ಸರ್ಕಾರದಂತೆ ತೋರುವ ಜಾಲತಾಣಗಳಲ್ಲಿ ಹಣ ಕೇಳಿದರೆ ಕೊಡಬೇಕಾಗಿಲ್ಲ. ಬೀದಿಬದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯು ಆಗ ಮೊದಲ ಹಂತದಲ್ಲಿ 10,000 ರೂಪಾಯಿಗಳವರೆಗೆ ಅಡಮಾನವಿಲ್ಲದ ಸಾಲ ನೀಡಿತು. ಸಕಾಲಕ್ಕೆ ತೀರಿಸಿದವರಿಗೆ ಬಡ್ಡಿಯ ಸಹಾಯಧನವೂ ದೊರೆಯಿತು.

ಮೋಸದ ಬಲೆಗಳು

ಕೆಲಸ ಕಳೆದುಕೊಂಡವರ ಅವಸರವೇ ವಂಚಕರ ಬಂಡವಾಳ. ಮೂರು ಬಗೆಯ ಮೋಸಗಳನ್ನು ಎಲ್ಲರೂ ತಿಳಿದಿರಬೇಕು.

ಒಂದು, ದತ್ತಾಂಶ ನಮೂದಿಸುವ ಕೆಲಸ ಕೊಡುತ್ತೇವೆಂದು ನೋಂದಣಿ ಶುಲ್ಕ ಪಡೆಯುವುದು. ಕೆಲಸ ಮುಗಿಸಿದ ಮೇಲೆ ತಪ್ಪುಗಳಿವೆಯೆಂದು ಸಂಬಳ ನಿರಾಕರಿಸಿ, ಕರಾರು ಮುರಿದಿದ್ದೀರೆಂದು ವಕೀಲರ ನೋಟಿಸಿನಂತೆ ಕಾಣುವ ಪತ್ರ ಕಳುಹಿಸಿ ಹೆದರಿಸುವುದೂ ಉಂಟು. ದುಡಿಯುವವನಿಂದಲೇ ಮೊದಲು ಹಣ ಕೇಳುವ ಕೆಲಸವನ್ನು ಕೆಲಸವೆಂದು ನಂಬಬಾರದು.

ಎರಡು, ವಿಡಿಯೊ ಮೆಚ್ಚುವ, ಹೋಟೆಲಿಗೆ ಅಂಕ ಕೊಡುವ ಕೆಲಸ. ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಬರುತ್ತದೆ. ನಂಬಿಕೆ ಹುಟ್ಟಿದ ಮೇಲೆ ಹೆಚ್ಚಿನ ಲಾಭಕ್ಕಾಗಿ ಠೇವಣಿ ಇಡಿ ಎನ್ನುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತದೆ, ಹಿಂಪಡೆಯಲು ಹೋದರೆ ಮತ್ತೆ ಹಣ ಕೇಳುತ್ತಾರೆ.

ಮೂರು, ನಿಮ್ಮ ಬ್ಯಾಂಕ್ ಖಾತೆಯನ್ನು ಬಳಸಲು ಕೊಟ್ಟರೆ ತಿಂಗಳಿಗಿಷ್ಟು ಕಮಿಷನ್ ಎಂಬ ಆಮಿಷ. ಅದರ ಮೂಲಕ ಹರಿಯುವುದು ಬೇರೆ ಸಂತ್ರಸ್ತರ ಹಣ. ಪೊಲೀಸರು ಬರುವುದು ಖಾತೆದಾರರ ಮನೆಗೆ.

ಯುಪಿಐ ಮೂಲಕ ಹಣ ಪಡೆಯಲು ಗುಪ್ತಸಂಖ್ಯೆಯನ್ನು ಒತ್ತುವ ಅಗತ್ಯ ಎಂದೂ ಇರುವುದಿಲ್ಲ. ಮೋಸ ಹೋದುದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವು ಮುಂದಿನ ಖಾತೆಗೆ ಹೋಗುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಆ ಅವಕಾಶವೂ ಹೋಗುತ್ತದೆ.

ನೌಕರಿ, ಕಾಯಕ ಮತ್ತು ನೆರೆಯವರ ಹೊಣೆ

ಎಲ್ಲರೂ ಅಂತರ್ಜಾಲದಲ್ಲಿ ಗಳಿಸಬಲ್ಲರೆಂದು ಹೇಳುವುದು ಸತ್ಯಕ್ಕೆ ದೂರ. ನಾದಸ್ವರ ನುಡಿಸುವವರ ಕೆಲಸವನ್ನು ಪರದೆ ಪೂರ್ತಿಯಾಗಿ ಕೊಡಲಾರದು. ಮನೆಯ ದುಡಿಮೆಗೆ ರಜೆಯಿಲ್ಲ, ವಿಮೆಯಿಲ್ಲ, ತಿಂಗಳ ಕೊನೆಗೆ ಇಷ್ಟೇ ಎಂಬ ಖಚಿತತೆಯಿಲ್ಲ. ಹೆಣ್ಣುಮಕ್ಕಳಿಗಂತೂ ಮನೆಗೆಲಸದ ಮೇಲೆ ಇನ್ನೊಂದು ಹೊರೆಯಾಗಿ ಅದು ಬೀಳುತ್ತದೆ. ಮನೆಯ ಗಂಡಸರು ಒಲೆ, ಪಾತ್ರೆ, ಮಕ್ಕಳ ಪಾಠಗಳಲ್ಲಿ ಪಾಲು ತೆಗೆದುಕೊಂಡಾಗಲೇ ಅದು ಕುಟುಂಬದ ದುಡಿಮೆಯಾಗುತ್ತದೆ.

ಶರಣರು ಕಾಯಕವೆಂದದ್ದು ಹುದ್ದೆಯನ್ನಲ್ಲ. ಹುದ್ದೆಯನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಶ್ರದ್ಧೆಯಿಂದ ದುಡಿಯುವ ಗುಣವನ್ನು ಯಾರೂ ಹಿಂತೆಗೆದುಕೊಳ್ಳಲಾರರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿ ಮಾರಯ್ಯನಿಗೆ ಅದನ್ನು ಮರಳಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಇಂದಿನ ಸಂದರ್ಭದಲ್ಲಿ ಆ ಮಾತು ಕೊಳ್ಳುವವರಿಗೂ ಅನ್ವಯಿಸುತ್ತದೆ. ದೊಡ್ಡ ಮಳಿಗೆಯಲ್ಲಿ ಮುದ್ರಿತ ಬೆಲೆಯನ್ನು ಮರುಮಾತಿಲ್ಲದೆ ಕೊಡುವವರು, ಪಕ್ಕದ ಮನೆಯ ತಾಯಿ ಮಾಡಿದ ಹಪ್ಪಳಕ್ಕೆ ಚೌಕಾಸಿ ಮಾಡುವುದು ಸಲ್ಲದು. ಇನ್ನೊಬ್ಬರ ಶ್ರಮದ ಪಾಲನ್ನು ನಮ್ಮ ಮನೆಗೆ ತಂದಂತೆಯೇ ಅದು.

ಕೆಲಸ ಹೋದವರ ಮನೆಗೆ ದಿನಸಿ ಚೀಲ ಮುಟ್ಟಿಸುವುದು ಸತ್ಕಾರ್ಯವೇ. ಅದರ ಜೊತೆಗೆ ಒಂದು ಕೆಲಸವನ್ನು ಕೊಟ್ಟು ನ್ಯಾಯವಾದ ಕೂಲಿಯನ್ನು ಅದೇ ದಿನ ಸಲ್ಲಿಸಿದರೆ, ಪಡೆಯುವವರು ತಲೆತಗ್ಗಿಸದೆ ಪಡೆಯುತ್ತಾರೆ. ಮಕ್ಕಳ ಪಾಠಕ್ಕೆ ನಮ್ಮದೇ ಬೀದಿಯ ಶಿಕ್ಷಕಿ, ಸಮಾರಂಭದ ಸಿಹಿಗೆ ನಮ್ಮದೇ ಬೀದಿಯ ಅಡುಗೆಯವರು, ಆಮಂತ್ರಣ ಪತ್ರದ ಕರಡಿಗೆ ನಮ್ಮದೇ ಬೀದಿಯ ಹಿರಿಯರು ಎಂದು ಪ್ರತಿಯೊಂದು ಮನೆಯೂ ನಿಶ್ಚಯಿಸಿದರೆ ಅನೇಕ ಒಲೆಗಳು ಆರದೆ ಉಳಿಯುತ್ತವೆ. ದುಡಿಯುವ ಕೈಗಳಿಗೆ ದುಡಿಮೆ ದೊರೆಯಲಿ, ದೊರೆತ ದುಡಿಮೆಗೆ ತಕ್ಕ ಬೆಲೆ ಸಲ್ಲಲಿ ಎಂದು ಹಾರೈಸುತ್ತೇವೆ.