ಕಾಲಿನ ನವೆಯೂ ಹೆಪ್ಪುಗಟ್ಟಿದ ನೆತ್ತರೂ

ಖಾನಾಪುರದ ಒಬ್ಬ ಉಪಾಧ್ಯಾಯರನ್ನು ಕಲ್ಪಿಸಿಕೊಳ್ಳೋಣ. ಮೂರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಜಾರಿಬಿದ್ದು ಅವರ ಎಡಗಾಲಿನ ಎಲುಬು ಮುರಿಯಿತು. ಆರು ವಾರ ಕಾಲನ್ನು ಪ್ಲಾಸ್ಟರಿನಲ್ಲಿಟ್ಟುಕೊಂಡು ಮಲಗಿದ್ದರು. ಪ್ಲಾಸ್ಟರು ಬಿಚ್ಚಿದಾಗ ಮೀನಖಂಡ ಊದಿಕೊಂಡಿತ್ತು. ಎಲುಬು ಕೂಡುವಾಗ ಇದು ಸಹಜವೆಂದು ಸುಮ್ಮನಾದರು. ಈಗ ಅದೇ ಕಾಲಿನ ಹರಡಿನ ಬಳಿ, ಒಳಮಗ್ಗುಲಲ್ಲಿ, ಚರ್ಮ ಕಂದುಬಣ್ಣಕ್ಕೆ ತಿರುಗಿದೆ. ಸಂಜೆಯಾಯಿತೆಂದರೆ ತಡೆಯಲಾರದ ನವೆ. ನೆರೆಯವರು ಒಬ್ಬರು ಇಸಬು ಎನ್ನುತ್ತಾರೆ; ಮತ್ತೊಬ್ಬರು ಗಜಕರ್ಣವೆನ್ನುತ್ತಾರೆ. ಅಂಗಡಿಯ ಮುಲಾಮುಗಳು ಒಂದಾದ ಮೇಲೊಂದು ಮುಗಿಯುತ್ತವೆಯೇ ಹೊರತು ನವೆ ಮುಗಿಯುವುದಿಲ್ಲ. ಕೊನೆಗೆ ಅವರು ಸುಮಾರು 25 ಕಿಲೋಮೀಟರು ದೂರದ ಬೆಳಗಾವಿಗೆ ಹೋಗುತ್ತಾರೆ. ಅಲ್ಲಿಯ ವೈದ್ಯರು ಕೇಳುವ ಮೊದಲ ಪ್ರಶ್ನೆ ಚರ್ಮವನ್ನು ಕುರಿತದ್ದಲ್ಲ:

“ಮಾಸ್ತರ, ಈ ಕಾಲಿಗೆ ಹಿಂದ ಪೆಟ್ಟು ಬಿದ್ದಿತ್ತೇನ್ರಿ? ಬಾವು ಬಂದಿತ್ತೇನ್ರಿ?”

ಮೂರು ವರ್ಷದ ಹಿಂದಿನ ಬಾವಿಗೂ ಇಂದಿನ ನವೆಗೂ ಏನು ಸಂಬಂಧ? ಇದನ್ನು ತಿಳಿಯಬೇಕಾದರೆ ನೆತ್ತರು ಕಾಲಿನಿಂದ ಹೃದಯಕ್ಕೆ ಏರುವ ಬಗೆಯನ್ನು ಮೊದಲು ನೋಡಬೇಕು.

ಏರುದಾರಿಯ ಬಾಗಿಲುಗಳು

ನಾವು ಅಲುಗದೆ ನಿಂತಿರುವಾಗ ಹರಡಿನ ಬಳಿಯ ಅಭಿಧಮನಿಗಳಲ್ಲಿ ಸುಮಾರು 90 ಮಿಲಿಮೀಟರು ಪಾದರಸದಷ್ಟು ಒತ್ತಡವಿರುತ್ತದೆ. ನಡೆಯತೊಡಗಿದೊಡನೆ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ನೆತ್ತರನ್ನು ಮೇಲಕ್ಕೆ ತಳ್ಳುತ್ತವೆ. ಒತ್ತಡ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಏರಿದ ನೆತ್ತರು ಮರಳಿ ಕೆಳಗಿಳಿಯದಂತೆ ಅಭಿಧಮನಿಗಳೊಳಗೆ ಕವಾಟಗಳಿವೆ. ಇವುಗಳನ್ನು ಇಟಲಿಯ ಫಾಬ್ರಿಸಿಯಸ್ 1603ರಲ್ಲಿ ವಿವರಿಸಿದನು. ಆದರೆ ಅವುಗಳ ನಿಜವಾದ ಕೆಲಸವನ್ನು ಕಂಡವನು ಅವನ ಶಿಷ್ಯ ವಿಲಿಯಂ ಹಾರ್ವೆ. 1628ರಲ್ಲಿ ಅವನು ಪ್ರಕಟಿಸಿದ ಪ್ರಯೋಗವನ್ನು ವಾಚಕರೂ ಮಾಡಿನೋಡಬಹುದು.

ಗೆಳೆಯನೊಬ್ಬನ ತೋಳಿಗೆ ಕರವಸ್ತ್ರವನ್ನು ಸಡಿಲವಾಗಿ ಕಟ್ಟಿರಿ. ಮುಂಗೈಯ ಅಭಿಧಮನಿಗಳು ಉಬ್ಬುತ್ತವೆ. ಅವುಗಳಲ್ಲಿ ಅಲ್ಲಲ್ಲಿ ಕಾಣುವ ಗಂಟುಗಳೇ ಕವಾಟಗಳು. ಒಂದು ಬೆರಳಿನಿಂದ ಅಭಿಧಮನಿಯನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ನೆತ್ತರನ್ನು ಮೊಣಕೈಯ ಕಡೆಗೆ, ಒಂದು ಗಂಟನ್ನು ದಾಟುವವರೆಗೆ ಸವರಿರಿ. ಆ ಭಾಗ ಬರಿದಾಗಿಯೇ ಉಳಿಯುತ್ತದೆ. ಮೇಲಿನ ನೆತ್ತರು ಕೆಳಗಿಳಿಯದು. ಕೆಳಗಿನ ಬೆರಳನ್ನು ಎತ್ತಿದೊಡನೆ ಅದು ಕೆಳಗಿನಿಂದ ತುಂಬಿಕೊಳ್ಳುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಕಟ್ಟನ್ನು ಇಡಬಾರದು.

ಹೆಪ್ಪು ಕಟ್ಟಿದಾಗ

ನೆತ್ತರಿನ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಗಾಯವಾಗುವುದು, ನೆತ್ತರಿಗೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು: ಈ ಮೂರು ಕಾರಣಗಳನ್ನು ಇಂದಿಗೂ ಜರ್ಮನಿಯ ರೂಡಾಲ್ಫ್ ವಿರ್ಶೋನ ಹೆಸರಿನೊಡನೆ ಹೇಳುತ್ತಾರೆ. ಪುಪ್ಪುಸದಲ್ಲಿ ಸಿಕ್ಕಿಕೊಳ್ಳುವ ಹೆಪ್ಪು ಬೇರೆಡೆಯ ಅಭಿಧಮನಿಗಳಿಂದ ತೇಲಿಬಂದುದೆಂದು 19ನೆಯ ಶತಮಾನದ ನಡುಭಾಗದಲ್ಲಿ ತೋರಿಸಿದವನು ಅವನೇ. ಪ್ಲಾಸ್ಟರಿನಲ್ಲಿ ಅಲುಗದೆ ಇದ್ದ ನಮ್ಮ ಉಪಾಧ್ಯಾಯರ ಕಾಲಿನಲ್ಲಿ ಮೊದಲನೆಯ ಕಾರಣವೂ ಇತ್ತು, ಎರಡನೆಯದೂ ಇತ್ತು.

ಹೊಸದಾಗಿ ಹೆಪ್ಪುಗಟ್ಟಿದ ಕಾಲಿನ ಮುಖ್ಯ ಚಿಹ್ನೆ ನವೆಯಲ್ಲ; ಒಂದೇ ಕಾಲಿನ ಬಾವು, ನೋವು, ಬಿಸಿ, ಬಣ್ಣದ ಬದಲಾವಣೆ. ನವೆ ಬರುವುದು ಬಹುಮಟ್ಟಿಗೆ ತಿಂಗಳುಗಳು, ವರ್ಷಗಳು ಕಳೆದ ಮೇಲೆ. ದೇಹವು ಹೆಪ್ಪನ್ನು ಕ್ರಮೇಣ ಕರಗಿಸಿಕೊಳ್ಳುತ್ತದೆ, ನಿಜ. ಆದರೆ ಅಷ್ಟರಲ್ಲಿ ಕವಾಟಗಳು ಕಲೆಗಟ್ಟಿ ಕೆಟ್ಟುಹೋಗಿರಬಹುದು. ಬಾಗಿಲು ಮುಚ್ಚದಾದಾಗ ನೆತ್ತರು ಮರಳಿ ಹರಡಿನ ಕಡೆಗೆ ಇಳಿದು ನಿಲ್ಲುತ್ತದೆ.

ಜವುಳು ನೆಲದ ಹಾಗೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರು ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗಳಲ್ಲಿ ಹರಿಯುತ್ತದೆ. ನೀರು ಬಸಿದುಹೋಗದೆ ನಿಂತ ಹೊಲ ಸವಳು-ಜವುಳಾಗುವುದನ್ನು ಆ ಸೀಮೆಯ ರೈತರು ಬಲ್ಲರು. ಹರಡಿನ ಚರ್ಮದ ಸ್ಥಿತಿಯೂ ಹೀಗೆಯೇ. ಒತ್ತಡ ಹೆಚ್ಚಿದ ಲೋಮನಾಳಗಳಿಂದ ದ್ರವವೂ ಕೆಂಪು ರಕ್ತಕಣಗಳೂ ಜಿನುಗುತ್ತವೆ. ಕಣಗಳು ಒಡೆದು ಅವುಗಳಲ್ಲಿಯ ಕಬ್ಬಿಣ ಚರ್ಮದಲ್ಲಿ ಉಳಿಯುತ್ತದೆ. ಕಂದುಬಣ್ಣ ಬರುವುದು ಇದರಿಂದ. ಬಿಳಿಯ ರಕ್ತಕಣಗಳು ನಾಳದ ಗೋಡೆಗೆ ಅಂಟಿ ಉರಿಯೂತವನ್ನು ಎಬ್ಬಿಸುತ್ತವೆ. ಹಿಸ್ಟಮೀನ್ ಮೊದಲಾದ ವಸ್ತುಗಳು ಬಿಡುಗಡೆಯಾಗಿ ಚರ್ಮದ ಸೂಕ್ಷ್ಮ ನರತಂತುಗಳನ್ನು ಕೆರಳಿಸುತ್ತವೆ. ಚರ್ಮ ಒಣಗಿ ಬಿರಿಯುತ್ತದೆ. ಆಗ ಹುಟ್ಟುವುದೇ ನವೆ.

ಹೆಪ್ಪಿನ ನಂತರ ಉಳಿಯುವ ಈ ತೊಂದರೆಯನ್ನು ಅಳೆಯಲು ವೈದ್ಯರು ಬಳಸುವ ವಿಲ್ಲಾಲ್ಟಾ ಮಾಪಕದಲ್ಲಿ ರೋಗಿ ಹೇಳುವ ಐದು ದೂರುಗಳಿವೆ: ನೋವು, ಸ್ನಾಯುಸೆಳೆತ, ಭಾರ, ಜುಮ್ಮೆನ್ನುವಿಕೆ, ಐದನೆಯದು ನವೆ.

ಕೆಲವೊಮ್ಮೆ ಕ್ರಮ ತಲೆಕೆಳಗಾಗುವುದೂ ಉಂಟು. ಎಲುಬಿನ ಮಜ್ಜೆಯು ಕೆಂಪು ರಕ್ತಕಣಗಳನ್ನು ಮಿತಿಮೀರಿ ತಯಾರಿಸುವ ಒಂದು ಅಪೂರ್ವ ರೋಗದಲ್ಲಿ, ಸ್ನಾನವಾದೊಡನೆ ಮೈಯೆಲ್ಲ ತುರಿಸುತ್ತದೆ. ದಪ್ಪವಾದ ನೆತ್ತರು ಮುಂದೆ ಹೆಪ್ಪುಗಟ್ಟಬಹುದು. ಇಲ್ಲಿ ನವೆಯೇ ಮುನ್ಸೂಚನೆ.

ಉಪಾಯ

ಕೆರೆಯುವುದು ಸುಲಭ, ಅದರ ಬೆಲೆ ಹೆಚ್ಚು. ಉಗುರಿನ ಗೀರು ಮಾಯದ ಹುಣ್ಣಾಗಬಹುದು. ಕಂಡಕಂಡ ಮುಲಾಮುಗಳನ್ನು ಹಚ್ಚಿದರೆ ಅವುಗಳಿಂದಲೇ ಚರ್ಮ ಕೆರಳುವುದುಂಟು. ಕಾಲನ್ನು ಹೃದಯಕ್ಕಿಂತ ಎತ್ತರದಲ್ಲಿಟ್ಟು ಮಲಗುವುದು, ದಿನವೂ ನಡೆಯುವುದು, ಚರ್ಮಕ್ಕೆ ಜಿಡ್ಡಿನ ಲೇಪ, ವೈದ್ಯರು ಹೇಳಿದ ಬಿಗಿ ಕಾಲುಚೀಲ: ಇವು ಮೂಲದ ಒತ್ತಡಕ್ಕೂ ಒಣಗಿದ ಚರ್ಮಕ್ಕೂ ಚಿಕಿತ್ಸೆ. ಅಪಧಮನಿಗಳ ಹರಿವು ಸರಿಯಾಗಿದೆಯೆಂದು ಪರೀಕ್ಷಿಸದೆ ಬಿಗಿ ಚೀಲವನ್ನು ತೊಡಬಾರದು. ಒಳಗಿನ ಕವಾಟಗಳ ಸ್ಥಿತಿಯನ್ನು ಶ್ರವಣಾತೀತ ಧ್ವನಿಯ ಯಂತ್ರದಿಂದ, ನೋವಿಲ್ಲದೆ ನೋಡಬಹುದು.

ಒಂದು ಕಾಲು ಹಠಾತ್ತಾಗಿ ಊದಿಕೊಂಡರೆ ಅಂದೇ ವೈದ್ಯರನ್ನು ಕಾಣಬೇಕು. ಅದರೊಡನೆ ಉಸಿರು ಕಟ್ಟಿದರೆ, ಎದೆ ನೊಂದರೆ, ಒಂದು ಗಳಿಗೆಯನ್ನೂ ಕಳೆಯಬಾರದು. ಹೆಪ್ಪು ಬೆಳೆಯದಂತೆ ತಡೆಯುವ ಔಷಧಗಳಿವೆ. ಅವುಗಳಲ್ಲಿ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು.

ವಡಗಾವಿಯ ವಿದ್ಯುನ್ಮಗ್ಗಗಳ ಮುಂದೆ ದಿನವಿಡೀ ನಿಲ್ಲುವವರಿಗೂ ತರಗತಿಯಲ್ಲಿ ನಿಂತು ಪಾಠ ಹೇಳುವವರಿಗೂ ಈ ವಿಷಯ ತಿಳಿದಿರಬೇಕು. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಸಂಜೆ ಹರಡನ್ನು ಕೆರೆದುಕೊಳ್ಳುತ್ತಿದ್ದರೆ, ಮುಲಾಮು ತರುವ ಮೊದಲು, ಬೆಳಗಾವಿಯ ವೈದ್ಯರು ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿರಿ.