ನಿರುದ್ಯೋಗದ ಜೋರ್ಡಾನ್‌ಗೆ ಹೊರಗಿನ ಟೈಲರ್‌ಗಳೇ ಯಾಕೆ ಬೇಕು?

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಂಜೆ ಶಿಫ್ಟ್ ಬಿಡೋ ಹೊತ್ತಿಗೆ ಒಮ್ಮೆ ನಿಂತು ನೋಡಿ. ಟಿಫನ್ ಬ್ಯಾಗ್ ಹಿಡಿದ ಹೆಂಗಸರು ಗುಂಪುಗುಂಪಾಗಿ ಗೇಟು ದಾಟಿ ಬರ್ತಾರೆ. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕ್‌ನಲ್ಲೂ ಇದೇ ದೃಶ್ಯ. ಬೆಂಗಳೂರು ಸುತ್ತಮುತ್ತಲ ಗಾರ್ಮೆಂಟ್ ಫ್ಯಾಕ್ಟರಿಗಳು ಹೆಚ್ಚಾಗಿ ಹೊಲಿಯೋದು ರಫ್ತಿಗೆ. ಆ ಅಂಗಿ ಅಮೆರಿಕದ ಅಂಗಡಿ ಸೇರಿದಾಗ ಅದರ ಪಕ್ಕದಲ್ಲೇ ಇನ್ನೊಂದು ಅಂಗಿ ತೂಗುತ್ತಿರಬಹುದು. ಅದರ ಪಟ್ಟಿಯಲ್ಲಿ 'ಮೇಡ್ ಇನ್ ಜೋರ್ಡಾನ್' ಅಂತ ಇರುತ್ತೆ. ಆದರೆ ಅದನ್ನ ಹೊಲಿದವಳು ಜೋರ್ಡಾನಿನವಳಲ್ಲ, ಬಾಂಗ್ಲಾದೇಶದವಳೋ ಶ್ರೀಲಂಕಾದವಳೋ ಭಾರತದವಳೋ ಆಗಿರುವ ಸಾಧ್ಯತೆಯೇ ಹೆಚ್ಚು.

ಅರಬ್ ದೇಶ ಅಂದ ಕೂಡಲೇ ನಮಗೆ ನೆನಪಾಗೋದು ಎಣ್ಣೆ, ದುಬೈ, ಯುದ್ಧ. ಜೋರ್ಡಾನ್‌ನಲ್ಲಿ ಹೇಳಿಕೊಳ್ಳುವಷ್ಟು ಎಣ್ಣೆ ಇಲ್ಲ, ನೀರೂ ಇಲ್ಲ. ಅಲ್ಲಿ ಕೆಲಸ ಹುಡುಕುವ ಐವರಲ್ಲಿ ಒಬ್ಬರಿಗೆ ಕೆಲಸ ಸಿಗಲ್ಲ, ಯುವಜನರ ಪಾಡಂತೂ ಇನ್ನೂ ಕಷ್ಟ. ಆದರೂ ಅಲ್ಲಿನ ಗಾರ್ಮೆಂಟ್ ಕಾರ್ಮಿಕರಲ್ಲಿ ಸುಮಾರು ಮುಕ್ಕಾಲು ಪಾಲು ಹೊರಗಿನವರು. ಇದು ಹೇಗೆ?

ಒಪ್ಪಂದದಿಂದ ಹುಟ್ಟಿದ ಉದ್ಯಮ

1994ರಲ್ಲಿ ಜೋರ್ಡಾನ್ ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿತು. ಅದರ ಬೆನ್ನಿಗೇ ಅಮೆರಿಕ ಒಂದು ಸವಲತ್ತು ಕೊಟ್ಟಿತು: ವಿಶೇಷ ವಲಯಗಳಲ್ಲಿ, ಇಸ್ರೇಲಿನ ಒಂದಿಷ್ಟು ಪಾಲು ಸೇರಿಸಿ ತಯಾರಿಸಿದ ವಸ್ತುಗಳಿಗೆ ಸುಂಕವಿಲ್ಲ. 2000ದಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೂ ಸಹಿ ಬಿತ್ತು. ಅಮೆರಿಕದ ಜೊತೆ ಅಂಥ ಒಪ್ಪಂದ ಮಾಡಿಕೊಂಡ ಮೊದಲ ಅರಬ್ ದೇಶ ಅದು. ಇರ್ಬಿದ್, ಸಹಾಬ್, ದುಲೈಲ್‌ಗಳಲ್ಲಿ ಫ್ಯಾಕ್ಟರಿಗಳು ಎದ್ದವು. ಮಾಲೀಕರಲ್ಲಿ ಹೆಚ್ಚಿನವರು ಏಷ್ಯಾದವರು, ಭಾರತೀಯರೂ ಇದ್ದಾರೆ. ಅಂದರೆ ಬಂಡವಾಳ ಹೊರಗಿನದು, ಬಟ್ಟೆ ಹೊರಗಿನದು, ಕೈಯೂ ಹೊರಗಿನದು. ಜೋರ್ಡಾನಿನ ಮುಖ್ಯ ಕೊಡುಗೆ ಅದರ ಹೆಸರು.

ಅಲ್ಲಿನವರಿಗೆ ಕೆಲಸ ಬೇಡ್ವಾ?

'ಅರಬ್ ಹೆಣ್ಣುಮಕ್ಕಳು ಹೊರಗೆ ದುಡಿಯಲ್ಲ' ಅನ್ನೋ ಉತ್ತರ ನಮ್ಮ ಬಾಯಲ್ಲಿ ರೆಡಿ ಇರುತ್ತೆ. ಲೆಕ್ಕ ನೋಡಿದರೆ ಹಾಗೇ ಕಾಣುತ್ತೆ. ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪ್ರಮಾಣ ಜೋರ್ಡಾನ್‌ನಲ್ಲಿ ಶೇ. 15ರ ಆಸುಪಾಸು, ಜಗತ್ತಿನಲ್ಲೇ ಅತಿ ಕಡಿಮೆ ಇರುವ ದೇಶಗಳಲ್ಲೊಂದು. ಆದರೆ ಹಳ್ಳಿಗಳಲ್ಲಿ ಸಣ್ಣ ಘಟಕಗಳನ್ನು ತೆರೆಯಲು ಸರ್ಕಾರ ಸಹಾಯಧನ ಕೊಟ್ಟಾಗ ಏನಾಯ್ತು? ಆ ಘಟಕಗಳಿಗೆ ಬಂದು ಕೂತವರು ಸ್ಥಳೀಯ ಹೆಂಗಸರೇ. ಬಸ್ಸು, ಮಗು ನೋಡಿಕೊಳ್ಳೋರು, ಕತ್ತಲಾಗುವ ಮುಂಚೆ ಮನೆ: ಅಡ್ಡಿಯಾಗಿದ್ದವುಗಳಲ್ಲಿ ಇವು ದೊಡ್ಡವು. ಇದು ಬಾಶೆಟ್ಟಿಹಳ್ಳಿಯ ಯಾವ ತಾಯಿಗೆ ಅರ್ಥವಾಗಲ್ಲ ಹೇಳಿ?

ಇನ್ನು ಸಂಬಳ. 2021ರಲ್ಲಿ ಜೋರ್ಡಾನಿನ ಕನಿಷ್ಠ ವೇತನ ತಿಂಗಳಿಗೆ 260 ದಿನಾರ್ ಆಯಿತು. ಗಾರ್ಮೆಂಟ್‌ಗೆ ಮಾತ್ರ 220ರಲ್ಲೇ ನಿಂತಿತು. ಹೊರಗಿನ ಕಾರ್ಮಿಕರಿಗೆ ಅದರಲ್ಲೂ 95 ದಿನಾರ್ ಊಟ, ಹಾಸ್ಟೆಲ್ ಲೆಕ್ಕಕ್ಕೆ. ಕೈಗೆ ಬರೋದು 125, ಆಗಿನ ಲೆಕ್ಕದಲ್ಲಿ 13 ಸಾವಿರ ರೂಪಾಯಿಗೆ ಹತ್ತಿರ. ಉಳಿದದ್ದೆಲ್ಲ ಓಟಿಯಲ್ಲಿ ದುಡೀಬೇಕು. ಮನೆ ಬಾಡಿಗೆ, ಮಕ್ಕಳ ಫೀಸು ಕಟ್ಟುವ ಸ್ಥಳೀಯರಿಗೆ ಇದು ಸಾಲಲ್ಲ. ಸಂಸಾರವನ್ನ ಊರಲ್ಲಿ ಬಿಟ್ಟು, ಹಾಸ್ಟೆಲ್‌ನಲ್ಲಿದ್ದು, ಓಟಿಗೆ ಇಲ್ಲ ಅನ್ನದವರೇ ಫ್ಯಾಕ್ಟರಿಗೆ ಬೇಕು.

ಗೇಟು ದಾಟುವ ಹಕ್ಕು

ಹೊಲಿಗೆ ಯಂತ್ರ ಅಲ್ಲೂ ಅದೇ, ಇಲ್ಲೂ ಅದೇ. ದೊಡ್ಡ ವ್ಯತ್ಯಾಸ ಗೇಟಿನಲ್ಲಿದೆ. ಸೂಪರ್‌ವೈಸರ್ ಬೈದರೆ ಇಲ್ಲಿನ ಹೆಣ್ಣುಮಗಳು ಮುಂದಿನ ತಿಂಗಳು ಪಕ್ಕದ ಫ್ಯಾಕ್ಟರಿ ಸೇರಬಹುದು. ಜೋರ್ಡಾನ್‌ನಲ್ಲಿ ಹೊರಗಿನವರ ವರ್ಕ್ ಪರ್ಮಿಟ್ ಒಬ್ಬ ಮಾಲೀಕನಿಗೆ ಅಂಟಿಕೊಂಡಿರುತ್ತೆ. ಕರಾರು ಮುಗಿಯೋ ಮುಂಚೆ ಕೆಲಸ ಬದಲಿಸಲು ಅವನ ಒಪ್ಪಿಗೆ ಬೇಕು. ಕೊಲ್ಲಿ ದೇಶಗಳಲ್ಲಿ 'ಕಫಾಲಾ' ಅಂತ ನಾವು ಕೇಳಿರೋದು ಇದರದ್ದೇ ಇನ್ನೂ ಬಿಗಿಯಾದ ರೂಪ. 2010ರಿಂದ ಹೊರಗಿನವರು ಅಲ್ಲಿನ ಕಾರ್ಮಿಕ ಸಂಘ ಸೇರಬಹುದು, ಆದರೆ ಮುನ್ನಡೆಸುವಂತಿಲ್ಲ.

2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್ ಹಣ ತೆಗೆಯೋಕೆ ಕೇಂದ್ರ ಹಾಕಿದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ಆದೇಶ ವಾಪಸ್ ತಗೊಂಡಿತು. ಅಲ್ಲಿನ ಸ್ಥಳೀಯರಿಗೂ ಬೀದಿಯ ಬಲ ಗೊತ್ತು: 2018ರಲ್ಲಿ ಆದಾಯ ತೆರಿಗೆ ಮಸೂದೆಯ ವಿರುದ್ಧ ಅಮ್ಮಾನ್‌ನಲ್ಲಿ ಜನ ರಾತ್ರಿರಾತ್ರಿ ಸೇರಿ, ಪ್ರಧಾನಿ ಹಾನಿ ಮುಲ್ಕಿ ರಾಜೀನಾಮೆ ಕೊಡುವಂತೆ ಮಾಡಿದರು. ಓಟಿನ ಬಲವೂ ಇಲ್ಲದ, ಪರ್ಮಿಟ್ ರದ್ದಾದರೆ ವಿಮಾನ ಹತ್ತಬೇಕಾದ ಟೈಲರ್‌ಗೆ ಆ ಬೀದಿ ಇಲ್ಲ. ಅವಳ ಕೂಲಿ ಅಗ್ಗವಾಗಿರೋದಕ್ಕೆ ಇದೂ ಕಾರಣ.

ನಮಗೇನು?

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ವಸ್ತುಗಳ ಮೇಲೆ ಶೇ. 50 ಸುಂಕ ಹಾಕಿತು, ಜೋರ್ಡಾನ್ ಮೇಲೆ ಶೇ. 15. ಸುಂಕದ ಲೆಕ್ಕ ಬದಲಾಗುತ್ತಲೇ ಇರುತ್ತೆ, ಖರೀದಿದಾರರ ಲೆಕ್ಕಾಚಾರ ಮಾತ್ರ ಬದಲಾಗಲ್ಲ: ಎಲ್ಲಿ ಅಗ್ಗವೋ ಆರ್ಡರ್ ಅಲ್ಲಿಗೆ. ಇಲ್ಲಿ ಆರ್ಡರ್ ಕಡಿಮೆಯಾದರೆ 'ಜೋರ್ಡಾನ್‌ಗೆ ಟೈಲರ್ ಬೇಕು' ಅನ್ನೋ ಫೋನು ನಿಮ್ಮ ಬೀದಿಗೂ ಬರಬಹುದು.

ಬಂದರೆ ಮೂರು ವಿಷಯ ಕೇಳಿ. ಹತ್ತನೇ ತರಗತಿ ಪಾಸಾಗದವರು ಜೋರ್ಡಾನ್‌ಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಕಡ್ಡಾಯ, ಅಂಥ ಹೆಂಗಸರಿಗೆ 30 ವರ್ಷ ತುಂಬಿರಬೇಕು. ವಿಸಿಟ್ ವೀಸಾದಲ್ಲಿ ಕಳಿಸ್ತೀವಿ ಅಂದರೆ ಅದು ಮೋಸ. ನೋಂದಾಯಿತ ಏಜೆಂಟ್ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಕರಾರಿನಲ್ಲಿ ಕೈಗೆ ಬರೋ ಸಂಬಳ ಎಷ್ಟು, ಊಟ-ವಸತಿಗೆ ಮುರಿಯೋದೆಷ್ಟು ಅಂತ ಬೇರೆಬೇರೆಯಾಗಿ ಬರೆದಿರಬೇಕು.

ಹಾಗೇ ನಮ್ಮ ಕಡೆಯೂ ಒಮ್ಮೆ ತಿರುಗಿ ನೋಡೋಣ. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರು ಬೆಂಗಳೂರು ಗಾರ್ಮೆಂಟ್‌ಗಳಿಗೆ ದುಡಿಯುತ್ತಾ ಹಾಸ್ಟೆಲ್‌ಗಳಲ್ಲಿದ್ದಾರೆ. ಕನ್ನಡ ಬರಲ್ಲ, ಇಲ್ಲಿ ಓಟಿಲ್ಲ, ಹಲವು ಕಡೆ ಸಂಜೆ ಹೊರಗೆ ಹೋಗೋಕೂ ಕಟ್ಟುಪಾಡು. ಇರ್ಬಿದ್‌ನ ಗೇಟಿನ ಬಗ್ಗೆ ಮಾತಾಡುವ ನಾವು ಆ ಹಾಸ್ಟೆಲ್ ಗೇಟಿನ ಬೀಗ ಯಾರ ಕೈಲಿದೆ ಅಂತಲೂ ಕೇಳಬೇಕು.